ಗೇಣುದ್ದದ ಪತಂಗ, ಕಿರುಬೆರಳ ಉಗುರಿನಷ್ಟು ಚಿಟ್ಟೆ

ಹೋದ ವರ್ಷ ಮಳೆ ಹಿಡಿದುಕೊಂಡಿದ್ದ ಒಂದು ವಾರ, ನಮ್ಮೂರ ಹಾಲಿನ ಡೇರಿಯ ಗೋಡೆ ಮೇಲೆ ಬೆಳಗಿನ ಜಾವ ಒಂದು ಪತಂಗ ಕೂತಿತ್ತು. ಟ್ಯೂಬ್‌ಲೈಟಿನ ಕೆಳಗೆ, ಸುಣ್ಣದ ಗೋಡೆಗೆ ಯಾರೋ ಇಟ್ಟಿಗೆ ಬಣ್ಣದ ಕರ್ಚೀಫು ಅಂಟಿಸಿದ ಹಾಗೆ. ಶಿಡ್ಲಘಟ್ಟ ತಾಲ್ಲೂಕಿನ ಊರು ನಮ್ಮದು. ಕ್ಯಾನು ಹಿಡಿದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಯಲ್ಲಿ ರೇಷ್ಮೆ ಹುಳು ಸಾಕುವವರು, ಗೂಡು ತೂತು ಮಾಡಿಕೊಂಡು ಬರುವ ಬಿಳಿ ಪತಂಗವನ್ನು ಚಿಕ್ಕಂದಿನಿಂದ ಕಂಡವರು. ಅವರೇ ಇದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಏಳು ಗಂಟೆಯೊಳಗೆ ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಬಿತ್ತು. ಒಂಬತ್ತರ ಹೊತ್ತಿಗೆ ಅದಕ್ಕೊಂದು ಒಕ್ಕಣೆಯೂ ಅಂಟಿಕೊಂಡಿತು: "ಹಾವಿನ ತಲೆ ಚಿಟ್ಟೆ, ಮುಟ್ಟಿದರೆ ಕಣ್ಣು ಹೋಗುತ್ತೆ, ಎಲ್ಲರಿಗೂ ಕಳಿಸಿ." ಪಕ್ಕದ ಮನೆ ಅಕ್ಕನ ಚಿಂತೆ ಬೇರೆ. "ಇದು ನಮ್ಮ ಹುಳುಮನೆಗೆ ನುಗ್ಗಿದ್ರೆ ಗತಿ ಏನಪ್ಪಾ? ಹುಳ ನಾಲ್ಕನೇ ಜ್ವರ ಎದ್ದವೆ." ಜ್ವರ ಎಂದರೆ ಇಲ್ಲಿ ಕಾಯಿಲೆಯಲ್ಲ, ಹುಳು ಚರ್ಮ ಕಳಚುವ ಹೊತ್ತು.

ಅವತ್ತೇ ಮಧ್ಯಾಹ್ನ ಆಕೆಯ ಮಗ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಕರೆದ. ಪಾದದ ಎತ್ತರಕ್ಕೆ, ಕಳೆಗಿಡದಿಂದ ಕಳೆಗಿಡಕ್ಕೆ ಬೂದು ಬಣ್ಣದ್ದೇನೋ ಪುಟಪುಟ ಹಾರುತ್ತಿತ್ತು. ರೆಕ್ಕೆ ಮಡಿಸಿ ಕೂತಾಗ ಅವನ ಕಿರುಬೆರಳ ಉಗುರಿಗಿಂತ ದೊಡ್ಡದಿರಲಿಲ್ಲ. "ಮಾವ, ಇದು ಡೇರಿ ಹತ್ರ ಇರೋದರ ಮರೀನಾ?"

ತಾಯಿಯ ಪ್ರಶ್ನೆಗೂ ಮಗನ ಪ್ರಶ್ನೆಗೂ ಉತ್ತರ ಇದೆ. ಮಗನದ್ದರಿಂದ ಶುರು ಮಾಡಿದರೆ ತಾಯಿಯದ್ದು ತಿಳಿಯುವುದು ಸಲೀಸು.

ಚಿಟ್ಟೆ ಯಾವುದು, ಪತಂಗ ಯಾವುದು

ಆಡುಮಾತಿನಲ್ಲಿ ಎರಡಕ್ಕೂ ಚಿಟ್ಟೆ ಎನ್ನುತ್ತೇವೆ, ಅದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ರೆಕ್ಕೆ ಹಿಡಿದರೆ ಬೆರಳಿಗೆ ಪುಡಿ ಅಂಟುತ್ತದಲ್ಲ, ಅದು ಮೀನಿನ ಹುರುಪೆಯ ಹಾಗೆ, ಮನೆಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಜೋಡಿಸಿಕೊಂಡ ಸಣ್ಣ ಪದರ. ರೆಕ್ಕೆಯ ಬಣ್ಣವೆಲ್ಲ ಅದರದ್ದೇ. ಇಂಥ ರೆಕ್ಕೆಯ ಕೀಟಗಳಿಗೆಲ್ಲ ಒಟ್ಟಾಗಿ ಲೆಪಿಡಾಪ್ಟೆರಾ ಎಂದು ಹೆಸರು, ಗ್ರೀಕಿನಲ್ಲಿ 'ಹುರುಪೆ ರೆಕ್ಕೆ' ಎಂದರ್ಥ. ಲೋಕದಲ್ಲಿ ಹೆಸರಿಟ್ಟಿರುವ ಜಾತಿಗಳೇ ಒಂದೂವರೆ ಲಕ್ಷಕ್ಕೂ ಮೇಲೆ. ಅದರಲ್ಲಿ ಚಿಟ್ಟೆಗಳು 20,000ದ ಒಳಗೆ; ಉಳಿದದ್ದೆಲ್ಲ ಪತಂಗ. ಹಾಗಾಗಿ ಚಿಟ್ಟೆಯನ್ನು ಪತಂಗಗಳ ದೊಡ್ಡ ಮನೆತನದಿಂದ ಟಿಸಿಲೊಡೆದ, ಹಗಲಿಗೆ ಒಗ್ಗಿಕೊಂಡ ಒಂದು ಕವಲು ಎಂದುಕೊಂಡರೆ ಸರಿ.

ಗುರುತು ಹಿಡಿಯಲು ಬಣ್ಣ ನಂಬಬೇಡಿ, ಮೀಸೆ ನೋಡಿ. ಚಿಟ್ಟೆಯ ಮೀಸೆ ಬೆಂಕಿಕಡ್ಡಿಯಂತೆ, ತುದಿಯಲ್ಲೊಂದು ಗುಂಡು. ಪತಂಗದ್ದು ತುದಿ ಗುಂಡಿಲ್ಲದ ದಾರ, ಇಲ್ಲವೇ ಗರಿ. ಹಗಲು ಹಾರಿದರೆ ಚಿಟ್ಟೆ, ರಾತ್ರಿ ಹಾರಿದರೆ ಪತಂಗ ಎಂಬ ಲೆಕ್ಕ ಬಹುಪಾಲು ನಡೆಯುತ್ತದೆ. ಆದರೆ ಹಗಲಲ್ಲೇ ಓಡಾಡುವ ಬಣ್ಣಬಣ್ಣದ ಪತಂಗಗಳೂ ಬೇಕಾದಷ್ಟಿವೆ.

ಡೇರಿ ಗೋಡೆಯ ಮೇಲಿದ್ದದ್ದು ಅಟ್ಲಾಸ್ ಪತಂಗ. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಸಿಗುವುದನ್ನು ಈಗ ಅಟ್ಟಾಕಸ್ ಟಾಪ್ರೊಬಾನಿಸ್ ಎಂಬ ಬೇರೆ ಜಾತಿಯಾಗಿ ಎಣಿಸುತ್ತಾರೆ. ಟಾಪ್ರೊಬಾನೆ ಎಂದರೆ ಲಂಕೆಗೆ ಗ್ರೀಕರು ಇಟ್ಟಿದ್ದ ಹೆಸರು. ಮಲೆನಾಡಿನವರಿಗೆ ಇದು ಪರಿಚಯದ ಜೀವ. ನಮ್ಮ ಬಯಲುಸೀಮೆಗೆ ಬಂದು ಹೋಗುವ ನೆಂಟ.

ಬದುವಿನಲ್ಲಿದ್ದದ್ದು ಗ್ರಾಸ್ ಜ್ಯುವೆಲ್, ಹುಲ್ಲಿನ ಒಡವೆ. ಭಾರತದ ಅತಿ ಪುಟ್ಟ ಚಿಟ್ಟೆ ಎಂದು ಹೆಸರಾದದ್ದು ಇದೇ. ಶಾಸ್ತ್ರದ ಹೆಸರು ಫ್ರೆಯೇರಿಯಾ ಪುಟ್ಲಿ. ಪುಟ್ಲಿ ಎಂದರೆ ಹಿಂದಿಯಲ್ಲಿ ಗೊಂಬೆ, ನಮ್ಮ ಪುತ್ಥಳಿಯ ನಂಟಿನ ಮಾತು. ಕಾಶ್ಮೀರ, ಹಿಮಾಲಯದ ಕಡೆಯಿಂದ ಯುರೋಪಿಗೆ ಒಯ್ದ ಕೀಟಗಳನ್ನು ವಿವರಿಸುತ್ತಾ 1844ರಲ್ಲಿ ಈ ಹೆಸರಿಟ್ಟವನು ಆಸ್ಟ್ರಿಯಾದ ಕೀಟತಜ್ಞ, ಹೆಸರು ವಿನ್ಸೆನ್ಜ್ ಕೊಲ್ಲರ್. ನಮ್ಮ ಕೋಲಾರಕ್ಕೂ ಅವನಿಗೂ ಸಂಬಂಧವಿಲ್ಲ, ಕೇಳುವವರಿದ್ದಾರೆಂದು ಮೊದಲೇ ಹೇಳಿದೆ.

ಸಣ್ಣದು ದೊಡ್ಡದರ ಮರಿಯಲ್ಲ

ಕರು ಬೆಳೆದು ಹಸುವಾಗುತ್ತದೆ. ಚಿಟ್ಟೆಯ ವಿಷಯದಲ್ಲಿ ಹಾಗಿಲ್ಲ. ರೆಕ್ಕೆ ಬಂದ ಮೇಲೆ ಅದು ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಬೆಳವಣಿಗೆ ಏನಿದ್ದರೂ ಹುಳುವಾಗಿರುವಾಗಲೇ ಮುಗಿಯಬೇಕು.

ಇದನ್ನು ರೇಷ್ಮೆ ಸಾಕುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಕಿ ಹುಳು, ಅಂದರೆ ಮೊಟ್ಟೆಯೊಡೆದು ಬಂದ ಎಳೆ ಹುಳು, ಇರುವೆಯ ಹಾಗಿರುತ್ತದೆ. ಸೊಪ್ಪು ತಿಂದು ಚರ್ಮ ಬಿಗಿಯಾದಾಗ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದನ್ನೇ ನಾವು ಜ್ವರ ಎನ್ನುವುದು. ಹಳೆ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ಮೇವು. ಹೀಗೆ ನಾಲ್ಕು ಜ್ವರ ದಾಟಿ, ಸುಮಾರು 25 ದಿನದಲ್ಲಿ ಹುಟ್ಟಿದಾಗಿನ ತೂಕದ 10,000 ಪಟ್ಟು ಆಗುತ್ತದೆ. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ವಾರದಲ್ಲಿ. ರಾತ್ರಿ ಹುಳುಮನೆಯಲ್ಲಿ ಮಲಗಿದವರಿಗೆ ಆ ಸದ್ದು ಗೊತ್ತು, ಹೆಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ.

ಆಮೇಲೆ ಹುಳು ಹಣ್ಣಾಗಿ, ಅಂದರೆ ಮೇವು ಬಿಟ್ಟು ಗೂಡಿಗೆ ಸಿದ್ಧವಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಹತ್ತಿ ಗೂಡು ಕಟ್ಟುತ್ತದೆ. ಗೂಡಿನಿಂದ ಹೊರಬಂದ ಪತಂಗಕ್ಕೆ ಜ್ವರವೂ ಇಲ್ಲ, ಬೆಳವಣಿಗೆಯೂ ಇಲ್ಲ. ಬದುವಿನ ಪುಟ್ಲಿ ಪೂರ್ತಿ ಬೆಳೆದ ದೊಡ್ಡ ಚಿಟ್ಟೆ. ಸಂಸಾರಸ್ಥನೂ ಇರಬಹುದು.

ಹಾಗಾದರೆ ಅದು ಅಷ್ಟು ಪುಟ್ಟದಾಗಿ, ಅಟ್ಲಾಸ್ ಅಷ್ಟು ದೊಡ್ಡದಾಗಿ ಯಾಕಿದೆ? ಹುಳು ಏನನ್ನು, ಎಷ್ಟು ದಿನ ತಿನ್ನುತ್ತದೆ ಎಂಬುದನ್ನು ನೋಡಬೇಕು. ಪುಟ್ಲಿಯ ಹುಳುವಿಗೆ ಮೇವು ಅವರೆ, ತೊಗರಿಗಳ ಕುಲದ ಕಳೆಗಿಡಗಳು. ನೀಲಿ ಗಿಡದ ಜಾತಿಯವು, ನೆಲಕ್ಕೆ ಹಾಸಿಕೊಂಡು ಬೆಳೆಯುವಂಥವು. ಮಳೆ ಬಿದ್ದಾಗ ಚಿಗುರಿ, ಬಿಸಿಲೇರಿದರೆ ಒಣಗುವ ಗಿಡ. ಅದು ಹಸಿರಾಗಿರುವಷ್ಟರಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲ ಮುಗಿಯಬೇಕು. ವರ್ಷಕ್ಕೆ ಹಲವು ತಲೆಮಾರು ಆಗಿಹೋಗುತ್ತವೆ. ಅಟ್ಲಾಸಿನ ಹುಳು ಮರದ ಮೇಲಿನದು. ದಾಲ್ಚಿನ್ನಿ, ಸೀಬೆ, ನಿಂಬೆ ಜಾತಿ, ಹೀಗೆ ಹಲವು ಮರಗಳ ಎಲೆ ಅದಕ್ಕೆ ಒಗ್ಗುತ್ತದೆ. ಮೈಮೇಲೆ ಸುಣ್ಣ ಬಳಿದಂಥ ಬಿಳಿ ಮೇಣದ ಪುಡಿ ಹೊತ್ತುಕೊಂಡು, ವಾರಗಟ್ಟಲೆ ಮೇಯ್ದು, ಹತ್ತು ಸೆಂಟಿಮೀಟರಿಗೂ ಉದ್ದ ಬೆಳೆಯುತ್ತದೆ. ಒಂದು ಕಳೆಗಿಡದಿಂದ ಅಟ್ಲಾಸ್ ಆಗುವುದು ಸಾಧ್ಯವೇ ಇಲ್ಲ.

ಎಷ್ಟು ಪಟ್ಟು ದೊಡ್ಡದು? ಸೈಟಿನ ಲೆಕ್ಕ

ಗೋಡೆಯ ಮೇಲಿನದನ್ನು ಮುಟ್ಟದೆ, ಪಕ್ಕದಲ್ಲಿ ಕೈ ಇಟ್ಟು ಅಳೆದೆ. ಒಂದು ಗೇಣು, ಅಂದರೆ 22 ಸೆಂ.ಮೀ. ಆಸುಪಾಸು. ಪುಟ್ಲಿ ರೆಕ್ಕೆ ಬಿಚ್ಚಿದರೆ ಒಂದೂವರೆಯಿಂದ ಎರಡು ಸೆಂ.ಮೀ. ಹೆಚ್ಚುಕಡಿಮೆ 14 ಪಟ್ಟು ಎಂದಿಟ್ಟುಕೊಳ್ಳೋಣ.

ಇಲ್ಲಿ ಒಂದು ಮೋಸ ಇದೆ. 30×40ರ ಸೈಟಿನ ಎರಡೂ ಬದಿ ದುಪ್ಪಟ್ಟು ಮಾಡಿದರೆ 60×80 ಆಗುತ್ತದೆ, ಅದರಲ್ಲಿ ನಾಲ್ಕು ಸೈಟು ಬೀಳುತ್ತವೆ. ಅಳತೆ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟು. ಅದೇ ಲೆಕ್ಕದಲ್ಲಿ 14 ಪಟ್ಟು ಅಗಲದ ರೆಕ್ಕೆಗೆ ಜಾಗ 14ರ 14 ಪಟ್ಟು, ಹತ್ತಿರಹತ್ತಿರ 200. ಅಟ್ಲಾಸಿನ ರೆಕ್ಕೆಯ ಮೇಲೆ ಇನ್ನೂರು ಪುಟ್ಲಿಗಳನ್ನು ಹಾಸಬಹುದು. ಇಷ್ಟಾದರೂ ಲೋಕದ ದಾಖಲೆ ಅಟ್ಲಾಸಿನದಲ್ಲ. ರೆಕ್ಕೆಯ ವಿಸ್ತಾರದಲ್ಲಿ ನ್ಯೂಗಿನಿ, ಆಸ್ಟ್ರೇಲಿಯಾದ ಹರ್ಕ್ಯುಲಿಸ್ ಪತಂಗವನ್ನೂ, ಅಗಲದಲ್ಲಿ ದಕ್ಷಿಣ ಅಮೆರಿಕದ ವೈಟ್ ವಿಚ್ ಪತಂಗವನ್ನೂ ಮುಂದಿಡುತ್ತಾರೆ. ಚಿಟ್ಟೆಗಳಲ್ಲಿ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ದೇಶಕ್ಕೇ ದೊಡ್ಡದೆಂದು 1932ರಿಂದ ಎಣಿಸಿಕೊಂಡಿತ್ತು, 190 ಮಿ.ಮೀ. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ 194 ಮಿ.ಮೀ. ಅಳತೆ ಕೊಟ್ಟು ಅದನ್ನು ಹಿಂದಿಕ್ಕಿತು.

ಗಾತ್ರದ ಫರಕು ಬರೀ ನೋಟದ್ದಲ್ಲ, ಬದುಕಿನ ರೀತಿಯನ್ನೇ ಬದಲಿಸುತ್ತದೆ. ಬಡಿಸಿದ ಮುದ್ದೆ ನೆನಪಿಸಿಕೊಳ್ಳಿ. ಮಕ್ಕಳಿಗೆ ಹಾಕಿದ ನಿಂಬೆಹಣ್ಣಿನಷ್ಟು ಮುದ್ದೆ ಆಗಲೇ ಆರಿರುತ್ತದೆ, ದೊಡ್ಡವರ ಮುದ್ದೆ ಇನ್ನೂ ಬೆರಳು ಸುಡುತ್ತಿರುತ್ತದೆ. ಚಿಕ್ಕ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ಬೇಗ ಪಡೆಯುತ್ತದೆ. ಅದಕ್ಕೇ ಪುಟ್ಲಿಯನ್ನು ಹುಡುಕಬೇಕಾದರೆ ಬಿಸಿಲೇರಿದ ಮೇಲೆ ಹೋಗಬೇಕು. ಮೋಡ ಮುಚ್ಚಿದರೆ ಹುಲ್ಲಿಗೆ ಅಂಟಿಕೊಂಡುಬಿಡುತ್ತದೆ. ರಾತ್ರಿ ಹಾರುವ ದೊಡ್ಡ ಪತಂಗಕ್ಕೆ ಬಿಸಿಲೆಲ್ಲಿಯದು? ಅದು ಹಾರುವ ಮುಂಚೆ ರೆಕ್ಕೆ ಗಡಗಡ ನಡುಗಿಸಿ ಎದೆಯ ಸ್ನಾಯುಗಳನ್ನು ಕಾಯಿಸಿಕೊಳ್ಳುತ್ತದೆ, ಚಳಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಟ್ಟ ಹಾಗೆ. ಮೈಮೇಲಿನ ದಟ್ಟ ರೋಮ ಆ ಬಿಸಿಗೆ ಕಂಬಳಿ.

ಒಂದಕ್ಕೆ ದಿನಗೂಲಿ, ಇನ್ನೊಂದಕ್ಕೆ ಕೂಡಿಟ್ಟ ಗಂಟು

ನನ್ನ ಮಟ್ಟಿಗೆ ಇವೆರಡರ ನಡುವಿನ ನಿಜವಾದ ವ್ಯತ್ಯಾಸ ಗಾತ್ರದ್ದಲ್ಲ, ಹೊಟ್ಟೆಪಾಡಿನದು.

ಪುಟ್ಲಿಗೆ ಬಾಯಿದೆ, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಹೀರುಕೊಳವೆ. ಬಿಚ್ಚಿ, ಹುಲ್ಲಿನ ನಡುವಿನ ಸಣ್ಣಸಣ್ಣ ಹೂಗಳಿಂದ ಮಧು ಕುಡಿಯುತ್ತದೆ. ಮಧು ಎಂದರೆ ಸಕ್ಕರೆ ನೀರು, ಅವತ್ತಿನ ಹಾರಾಟಕ್ಕೆ ಅವತ್ತಿನ ಇಂಧನ. ದುಡಿದ ದಿನ ಊಟ. ಅಷ್ಟು ಚಿಕ್ಕ ಮೈಯಲ್ಲಿ ಕೂಡಿಡಲು ಜಾಗವೂ ಕಮ್ಮಿ.

ಅಟ್ಲಾಸ್ ಪತಂಗಕ್ಕೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ಹೀರುಕೊಳವೆಯ ಗುರುತು ಮಾತ್ರ ಉಳಿದಿದೆ. ಗೂಡಿನಿಂದ ಬಂದ ಮೇಲೆ ಒಂದು ತೊಟ್ಟು ನೀರನ್ನೂ ಕುಡಿಯದೆ, ಹುಳುವಾಗಿದ್ದಾಗ ಮೈಯಲ್ಲಿ ಕೊಬ್ಬಾಗಿ ಕಟ್ಟಿಟ್ಟ ಗಂಟನ್ನೇ ಬಿಚ್ಚಿ ತಿನ್ನುತ್ತಾ ಒಂದು ವಾರ, ಹೆಚ್ಚೆಂದರೆ ಎರಡು ವಾರ ಬದುಕುತ್ತದೆ. ಗಂಟು ಖಾಲಿಯಾದ ದಿನ ಬದುಕೂ ಮುಗಿಯಿತು. ನಮ್ಮ ರೇಷ್ಮೆ ಪತಂಗವೂ ಹೀಗೆಯೇ, ತಿನ್ನುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲಿ ಬೆಳೆದು ಅದು ಹಾರುವುದನ್ನೂ ಮರೆತಿದೆ.

ಬಾಯಿಲ್ಲದೆ ಹುಟ್ಟುವುದು ಶಾಪದಂತೆ ಕಾಣುತ್ತದೆ. ಒಮ್ಮೆ ಅದರ ದಿನಚರಿ ಯೋಚಿಸಿ. ಹೂ ಹುಡುಕುವ ಕೆಲಸವಿಲ್ಲ, ಹೂವಿನ ಬಳಿ ಹೊಂಚು ಹಾಕುವ ಜೇಡ, ಹಕ್ಕಿಗಳ ಗೊಡವೆಯಿಲ್ಲ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳು ಆಗಲೇ ತಯಾರು. ಉಳಿದದ್ದು ಒಂದೇ ಕೆಲಸ, ಜೋಡಿಯಾಗಿ ಮೊಟ್ಟೆ ಇಡುವುದು. ಅದಕ್ಕೆ ಹೆಣ್ಣು ಬಹಳ ದೂರ ಹೋಗುವುದೂ ಇಲ್ಲ. ಗೂಡಿನ ಹತ್ತಿರವೇ ಕೂತು ಗಂಡನ್ನು ಕರೆಯುತ್ತದೆ.

ಸದ್ದಿಲ್ಲದ ಕರೆ

ಕರೆಯುವುದು ವಾಸನೆಯಿಂದ. ಹೊಟ್ಟೆಯ ತುದಿಯಿಂದ ಅದು ಗಾಳಿಗೆ ಬಿಡುವ ರಾಸಾಯನಿಕಕ್ಕೆ ಫೆರೊಮೋನ್ ಎಂದು ಹೆಸರು. ನಮ್ಮ ಮೂಗಿಗೆ ಅದು ಬೀಳುವುದಿಲ್ಲ. ಗಂಡಿನ ಮೀಸೆ ಮಾತ್ರ ಬಾಚಣಿಗೆಯ ಹಾಗೆ, ಇಲ್ಲ ತೆಂಗಿನ ಗರಿಯ ಹಾಗೆ ಹರಡಿಕೊಂಡಿದ್ದು ಗಾಳಿಯನ್ನೇ ಸೋಸುತ್ತದೆ. ಹೆಣ್ಣಿನ ಮೀಸೆ ಸಪೂರ. ಗೋಡೆ ಮೇಲಿದ್ದದ್ದು ಹೆಣ್ಣು ಎಂದು ನಾನು ಹೇಳಿದ್ದು ಮೀಸೆ ಮತ್ತು ದಪ್ಪ ಹೊಟ್ಟೆ ನೋಡಿಯೇ.

ಲೋಕದಲ್ಲಿ ಮೊಟ್ಟಮೊದಲು ರಾಸಾಯನಿಕವಾಗಿ ಗುರುತಿಸಿದ ಫೆರೊಮೋನ್ ಯಾವುದು ಗೊತ್ತೇ? ನಮ್ಮ ಚಂದ್ರಿಕೆಯಲ್ಲಿ ಗೂಡು ಕಟ್ಟುವ ಬಾಂಬಿಕ್ಸ್ ಮೋರಿಯದು, ಅದೇ ಹಿಪ್ಪುನೇರಳೆ ರೇಷ್ಮೆ ಹುಳುವಿನದು. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಕೆಲವೇ ಮಿಲಿಗ್ರಾಂ ತೆಗೆದು 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಐದು ಲಕ್ಷ ಪತಂಗ ಎಂದರೆ ನಮ್ಮವರ ಭಾಷೆಯಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಯ ಬೆಳೆ. ಒಂದು 'ಮೊಟ್ಟೆ' ಎಂದರೆ ಒಂದು ಪತಂಗ ಇಟ್ಟ ನಾನೂರು, ಐನೂರು ಕಾಳು.

ಪುಟ್ಲಿಗೆ ಇಷ್ಟೆಲ್ಲ ಬೇಕಿಲ್ಲ. ಹಗಲಿನ ಜೀವ, ಕಣ್ಣಿನಿಂದಲೇ ಹೆಚ್ಚಿನ ಕೆಲಸ. ಗಂಡೂ ಹೆಣ್ಣೂ ಅದೇ ಕಳೆಗಿಡದ ಸುತ್ತ ಸುಳಿಯುತ್ತಿರುತ್ತವೆ, ಸಂತೆಯಲ್ಲಿ ಸಿಕ್ಕ ಹಾಗೆ ಸಿಗುತ್ತವೆ. ಇದರ ಹುಳುವಿನ ಕಾವಲಿಗೆ ಇರುವೆಗಳೂ ಇವೆ. ಹುಳು ಬೆನ್ನಿನಿಂದ ಸಿಹಿ ಹನಿ ಒಸರುತ್ತದೆ, ಇರುವೆ ಅದನ್ನು ನೆಕ್ಕುತ್ತಾ ಸುತ್ತಮುತ್ತ ಇರುತ್ತದೆ, ಬೇರೆ ಹುಳುಹುಪ್ಪಟೆ ಹತ್ತಿರ ಬಾರದು.

ಹಾವಿನ ತಲೆಯ ವಿಷಯ

ಅಟ್ಲಾಸಿನ ಮುಂದಿನ ರೆಕ್ಕೆಯ ತುದಿ ಬಾಗಿ, ಕಣ್ಣಿನಂಥ ಚುಕ್ಕೆ, ಬಾಯಿಯಂಥ ಗೆರೆ ಇರುವುದು ನಿಜ. ಹಾವಿನ ತಲೆ ಕಂಡು ಹಕ್ಕಿಗಳು ಹಿಂಜರಿಯಬಹುದು ಎಂಬುದು ಹಳೆಯ ವಿವರಣೆ. 2021ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ತುದಿಗೆ ಇನ್ನೊಂದು ಕೆಲಸ ತೋರಿಸಿದರು. ಬಾವಲಿ ಕತ್ತಲಲ್ಲಿ ಕಿರುಚಿ, ಮರುದನಿ ಕೇಳಿ ಬೇಟೆಯ ಜಾಗ ಹಿಡಿಯುತ್ತದೆ. ಈ ಕುಟುಂಬದ ಪತಂಗಗಳಿಗೆ ಕಿವಿಯಿಲ್ಲ, ಬಾವಲಿ ಬಂದದ್ದೇ ತಿಳಿಯದು. ಆದರೆ ಮಡಿಕೆ ಬಿದ್ದ ರೆಕ್ಕೆತುದಿ ಮೈಗಿಂತ ಜೋರಾಗಿ ಮರುದನಿ ಕೊಡುತ್ತದೆ. ಬಾವಲಿ ಅತ್ತ ಬಾಯಿ ಹಾಕುತ್ತದೆ, ಪತಂಗಕ್ಕೆ ಹೋಗುವುದು ರೆಕ್ಕೆಯ ಒಂದು ಚೂರು.

ಪುಟ್ಲಿಯ ಹಿಂದಿನ ರೆಕ್ಕೆಯ ಅಂಚಿನಲ್ಲೂ ಸಾಲಾಗಿ ಕಪ್ಪು ಚುಕ್ಕೆಗಳಿವೆ, ಸುತ್ತ ಕಿತ್ತಳೆ ಬಣ್ಣ, ಒಳಗೆ ಹಸಿರುನೀಲಿ ಮಿನುಗು. ಒಡವೆ ಎಂಬ ಹೆಸರು ಬಂದದ್ದು ಈ ಮಿನುಗಿನಿಂದ. ಬರಿಗಣ್ಣಿಗೆ ಬೂದುಗೆರೆ ಎನಿಸುವುದು, ಫೋನಿನಲ್ಲಿ ಹತ್ತಿರದಿಂದ ತೆಗೆದು ಹಿಗ್ಗಿಸಿದರೆ ಬೆಂಡೋಲೆಯ ಕಲ್ಲಿನಂತೆ ಕಾಣುತ್ತದೆ. ಈ ಕುಟುಂಬದ ಚಿಟ್ಟೆಗಳಲ್ಲಿ ಇಂಥ ಚುಕ್ಕೆ ಶತ್ರುವಿನ ಏಟನ್ನು ತಲೆಯಿಂದ ದೂರಕ್ಕೆ, ರೆಕ್ಕೆಯಂಚಿಗೆ ಸೆಳೆಯುತ್ತದೆಂದು ತಿಳಿದವರು ಹೇಳುತ್ತಾರೆ. ಇನ್ನೂರು ಪಟ್ಟು ಅಂತರದ ಇಬ್ಬರಿಗೂ ಉಪಾಯ ಒಂದೇ ಬಗೆಯದು.

ಇನ್ನು ವಿಷ. ಅಟ್ಲಾಸ್ ಪತಂಗಕ್ಕೆ ಕಚ್ಚಲು ಬಾಯಿಲ್ಲ, ಚುಚ್ಚಲು ಮುಳ್ಳಿಲ್ಲ. ರೆಕ್ಕೆಯ ಹುರುಪೆ ಮೆತ್ತಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ದೂಳು ಬಿದ್ದಾಗಿನಂತೆ ಉರಿಯಬಹುದು, ತೊಳೆದುಕೊಂಡರಾಯಿತು.

ಹುಳುಮನೆಗೆ ಬಂದರೆ?

ಬಂದರೂ ಸೊಪ್ಪು ತಿನ್ನುವ ಮಾತಿಲ್ಲ. ನಮ್ಮ ರೇಷ್ಮೆ ಪತಂಗದ ಜೊತೆ ಕೂಡುವುದೂ ಇಲ್ಲ, ಕುಟುಂಬ ಬೇರೆ. ಬಾಂಬಿಸಿಡೇ ನಮ್ಮದು, ಸ್ಯಾಟರ್ನಿಡೇ ಅದರದು, ದೂರದ ದಾಯಾದಿಗಳು. ಹಣ್ಣಾಗುವ ಮುಂಚೆ ಅಕ್ಕ ಹೆದರಬೇಕಾದದ್ದು ಊಜಿ ನೊಣಕ್ಕೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ತಿನ್ನುತ್ತದೆ. ಕಿಟಕಿಗೆ ಬಲೆ ಹೊಡೆಯುವುದು ಅದಕ್ಕಾಗಿ. ಆ ಬಲೆ ನೊಣವನ್ನೇ ತಡೆದರೆ ಗೇಣುದ್ದದ ಪತಂಗ ನುಗ್ಗುವುದು ಎಲ್ಲಿಂದ?

ಡೇರಿಯಲ್ಲಿ ಒಬ್ಬರು ಕೇಳಿದ್ದು ನಮ್ಮ ಸೀಮೆಗೆ ತಕ್ಕ ಪ್ರಶ್ನೆ: "ಇಷ್ಟು ದಪ್ಪಕ್ಕೈತೆ, ಗೂಡು ಎಷ್ಟು ತೂಗಬೋದು?" ಗೂಡೇನೋ ದೊಡ್ಡದೇ, ಎಲೆ ಸುತ್ತಿಕೊಂಡು ಕಟ್ಟುತ್ತದೆ. ಆದರೆ ಹಿಪ್ಪುನೇರಳೆ ಗೂಡಿನಿಂದ ಬಿಸಿನೀರಲ್ಲಿ ಸಾವಿರ ಮೀಟರ್ ಆಸುಪಾಸಿನ ಒಂದೇ ಎಳೆ ಬಿಚ್ಚಿದ ಹಾಗೆ ಇದರಿಂದ ಬಿಚ್ಚಲು ಬರುವುದಿಲ್ಲ. ಎಳೆ ತುಂಡುತುಂಡು. ಹತ್ತಿಯಂತೆ ಹಿಂಜಿ ನೂಲಬೇಕು, ಆಗ ಉಣ್ಣೆಯಂಥ ಕಂದು ನೂಲು ಸಿಗುತ್ತದೆ, ಹೆಸರು ಫಗಾರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗಿಡುವ ಮಾಲಲ್ಲ. ಇದರ ನೆಂಟರು ಮಾತ್ರ ದುಡಿಯುತ್ತಾರೆ: ಟಸಾರ್, ಎರಿ, ಅಸ್ಸಾಮಿನ ಮೂಗಾ, ಮೂರೂ ಸ್ಯಾಟರ್ನಿಡೇ ಕುಟುಂಬದ ರೇಷ್ಮೆಗಳೇ.

ಲೈಟಿನ ಕೆಳಗೆ ಯಾಕೆ ಬಂತು?

ಪತಂಗಕ್ಕೆ ದೀಪದ ಮೋಹ ಎಂದು ಕವಿಗಳು ಬರೆದದ್ದನ್ನು ಓದಿದ್ದೇವೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ವೇಗದ ಕ್ಯಾಮೆರಾಗಳಲ್ಲಿ ನೋಡಿ ಬೇರೆಯೇ ಕಾರಣ ಕೊಟ್ಟಿತು. ಹಾರುವ ಕೀಟ ಬೆಳಕಿಗೆ ಬೆನ್ನು ಕೊಟ್ಟು ಹಾರುತ್ತದೆ. ರಾತ್ರಿ ಆಕಾಶ ನೆಲಕ್ಕಿಂತ ಬೆಳ್ಳಗಿರುವುದರಿಂದ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯಲು ಅದು ಕೋಟ್ಯಂತರ ವರ್ಷ ಸಾಕಾಗಿತ್ತು. ಟ್ಯೂಬ್‌ಲೈಟಿನ ಬಳಿ ಬಂದ ಪತಂಗ ಅದಕ್ಕೇ ಬೆನ್ನು ತಿರುಗಿಸುತ್ತಾ ತಿರುಗುತ್ತಾ ಸುತ್ತು ಹಾಕಿಕೊಂಡು ಬಿಡುತ್ತದೆ. ತಿನ್ನುವ ಬಾಯಿಲ್ಲದ, ಗಂಟು ಕರಗಿಸುತ್ತಾ ಬದುಕುವ ಅಟ್ಲಾಸಿಗೆ ಒಂದು ರಾತ್ರಿ ಹೀಗೆ ಸುತ್ತುವುದು ದುಬಾರಿ.

ಕಂಡರೆ ಮಾಡಬೇಕಾದದ್ದು ಇಷ್ಟೇ: ಆಗುವುದಾದರೆ ಲೈಟು ಆರಿಸಿ, ಹಗಲಲ್ಲಿ ಕೋಳಿ, ಬೆಕ್ಕಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ರಾತ್ರಿಗೆ ಅದರ ಪಾಡಿಗೆ ಹೋಗುತ್ತದೆ. ಡೇರಿಯವರು ಎರಡು ರಾತ್ರಿ ಲೈಟು ಹಾಕಲಿಲ್ಲ. ಮೂರನೇ ಬೆಳಗ್ಗೆ ಗೋಡೆ ಖಾಲಿ. ಕೂತಿದ್ದ ಜಾಗದಲ್ಲಿ ಸಾಸಿವೆಗಿಂತ ತುಸು ದಪ್ಪದ, ಕೆಂಗಂದು ಬಣ್ಣದ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಗಂಡು ಬಂದಿತ್ತೋ ಇಲ್ಲವೋ, ಬಂದಿದ್ದರೆ ಹತ್ತು ಹದಿನಾಲ್ಕು ದಿನಕ್ಕೆ ಒಡೆಯಬೇಕು. ಅಕ್ಕನ ಮಗ ಅರ್ಧದಷ್ಟನ್ನು ಬ್ಲೇಡಿನಲ್ಲಿ ಮೆಲ್ಲಗೆ ಬಿಡಿಸಿ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡ, ಮೇಲೊಂದು ಸೀಬೆ ಎಲೆ ಮುಚ್ಚಿದ, ಪೊಟ್ಟಣವನ್ನು ಹುಳುಮನೆಯ ಕಿಟಕಿಯ ಹೊರಗಡೆ ಇಟ್ಟ. ಒಳಗಡೆ ಇಡಲು ಅಮ್ಮ ಬಿಡಲಿಲ್ಲ.